ತೊಟ್ಟಿಯ ಕೆಳಗಿನ ಬೋಗುಣಿ

ಆ ನಲ್ಲಿ ರಿಪೇರಿಯವನನ್ನು ಎಲ್ಲರೂ ವಾಷರಣ್ಣ ಎಂದೇ ಕರೆಯುತ್ತಿದ್ದರು. ಎಲ್ಲಿ ಏನು ಸೋರಿದರೂ ಬಗ್ಗಿ ನೋಡುವ ಮೊದಲೇ ‘ವಾಷರ್ ಹೋಗಿದೆ’ ಎಂದು ತೀರ್ಪು ಕೊಟ್ಟುಬಿಡುವ ಆಸಾಮಿ. ಎಡಗೈಯವನು. ಕೋಪ ಮೂಗಿನ ತುದಿಯಲ್ಲೇ.

ಅವನು ಚರ್ಚು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಕಾರಣ ಕೇಳಿದವರಿಗೆ ಪುರಾಣವನ್ನೇ ಬಿಚ್ಚುತ್ತಿದ್ದ. ನಡೆದದ್ದು ಮಾತ್ರ ಇಷ್ಟೇ. ಚರ್ಚಿನ ಮೀಟಿಂಗಿನಲ್ಲಿ ಎದ್ದು ನಿಂತು, ಅಂಗಳಕ್ಕೊಂದು ನಲ್ಲಿ ಬೇಕು ಎಂದ. ಮುಂದಿನ ಬೆಂಚಿನ ನಿವೃತ್ತ ಮೇಷ್ಟರು, “ವಾಷರಣ್ಣ ಪರಲೋಕಕ್ಕೆ ಹೋದ್ರೂ ಮೊದಲು ನೋಡೋದು ಪೈಪನ್ನೇ” ಎಂದರು. ಎಲ್ಲರೂ ನಕ್ಕರು. ಪಾಸ್ಟರೂ ನಕ್ಕರು. ಇವನು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ಕೋಪ ಮೂರು ವಾರ ಬಾಳಿತು. ನಾಲ್ಕನೆಯ ಭಾನುವಾರದ ಹೊತ್ತಿಗೆ ಅದು ಆರಿಹೋಗಿತ್ತು. ಆದರೆ ಬೆಳಗಿನ ಒಂಬತ್ತರ ನಿದ್ದೆ ಎಷ್ಟು ಸಿಹಿ ಎಂಬುದು ಅಷ್ಟರಲ್ಲಿ ಗೊತ್ತಾಗಿತ್ತು. ಜನ ದೇವರನ್ನು ಬಿಡುವುದು ಭಾರಿ ಭಾರಿ ಪ್ರಶ್ನೆ ಕೇಳಿಕೊಂಡು ಎಂದುಕೊಂಡಿದ್ದೀರಾ? ಹೆಚ್ಚಿನವರು ಬಿಡುವುದು ಹೊದಿಕೆ ಎಳೆದುಕೊಂಡೇ. ಹೆಂಡತಿ, ಮಗಳು ಹೋಗಿಬರುತ್ತಿದ್ದರು. ಇವನು ಗೊರಕೆ ಹೊಡೆಯುತ್ತಿದ್ದ.

ಒಂದು ಗುರುವಾರ ಹದಿನೇಳರ ಮಗಳು ಎದುರು ಬಂದು ನಿಂತಳು.

“ಅಪ್ಪಾ, ಈ ಭಾನುವಾರ ನನ್ನ ದೀಕ್ಷಾಸ್ನಾನ. ನೀನು ಮುಂದಿನ ಬೆಂಚಲ್ಲಿ ಕೂತಿರ್ಬೇಕು.”

“ನನ್ನ ಬೆನ್ನಿಗೂ ಆ ಬೆಂಚಿಗೂ ಆಗಿಬರಲ್ಲ.”

“ಸರಿ. ನಾನು ಮುಳುಗೋ ತೊಟ್ಟಿ ಸೋರ್ತಿದೆಯಂತೆ. ಅದಕ್ಕಾದ್ರೂ ಬಾ.”

“ಒಂದು ಚೊಂಬು ನೀರು ತಲೆ ಮೇಲೆ ಸುರಿಯೋಕೆ ಹೇಳು. ದೇವರೇನು ಅಳತೆ ಪಟ್ಟಿ ಹಿಡ್ಕೊಂಡು ಕೂತಿರ್ತಾನಾ?”

ಮಗಳ ಗಲ್ಲ ನಡುಗಿತು. ಅದೊಂದನ್ನು ಮಾತ್ರ ಅವನಿಂದ ನೋಡಲಾಗುತ್ತಿರಲಿಲ್ಲ.

“ಕೆಲಸಕ್ಕೆ ಬರ್ತೀನಿ. ಕೂರೋಕೆ ಬರಲ್ಲ. ಆಮೇಲೆ ಅತ್ರೆ ನಾನು ಜವಾಬ್ದಾರನಲ್ಲ.”

ಶನಿವಾರ ಚೀಲ ಹೆಗಲಿಗೇರಿಸಿ ಹೋದ. ಚರ್ಚು ಗುಡಿಸುವ ಅಜ್ಜಿ ಬಾಗಿಲಲ್ಲೇ ಇದ್ದಳು, ಸೊಂಟದ ಮೇಲೆ ಕೈಯಿಟ್ಟುಕೊಂಡು.

“ಬಂದ್ಯಾ? ಚಪ್ಪಲಿ ಹಾಕ್ಕೊಳ್ಳೋಕೆ ಹನ್ನೊಂದು ವರ್ಷ ಬೇಕಾಯ್ತಾ?”

“ಕೆಲಸಕ್ಕೆ ಬಂದಿದ್ದೀನಜ್ಜಿ.”

“ಮತ್ತೆ ಮದುವೆಗೆ ಬಂದಿದ್ದೀಯ ಅಂದ್ನಾ ನಾನು?”

ದೀಕ್ಷಾಸ್ನಾನದ ತೊಟ್ಟಿ ವೇದಿಕೆಯ ಹಲಗೆಗಳ ನಡುವೆ ಇತ್ತು. ಪಕ್ಕದ ಪುಟ್ಟ ಬಾಗಿಲಿನಿಂದ ಹೊಟ್ಟೆ ಎಳೆದುಕೊಂಡು ಅದರಡಿಗೆ ತೆವಳಿದ. ಟಾರ್ಚು ಹಚ್ಚಿ ನೀರು ಹೊರಹೋಗುವ ಪೈಪಿನ ಜಾಯಿಂಟು ಬಿಚ್ಚಿದ.

“ಯಾವ ಕತ್ತೆ ಮಾಡಿದ ಕೆಲಸ ಇದು!” ಎಂದು ಒಳಗಿನಿಂದಲೇ ಕೂಗಿದ.

ಹೊರಗೆ ಅಜ್ಜಿ ಕೆಮ್ಮಿದಳು.

ನೀರು ಸೋರದಂತೆ ಪೈಪಿನ ತುದಿಯ ತಿರುಪಿಗೆ ನಾರು ಸುತ್ತುವಾಗ ಅದನ್ನು ಬಿಗಿಮಾಡುವ ದಿಕ್ಕಿಗೇ ಸುತ್ತಬೇಕು. ತಿರುಗಾಮುರುಗಾ ಸುತ್ತಿದರೆ ಬಿಗಿ ಮಾಡಿದಂತೆಲ್ಲ ನಾರು ಬಿಚ್ಚಿಕೊಳ್ಳುತ್ತದೆ. ಇಲ್ಲಿ ತಿರುಗಾಮುರುಗಾ ಸುತ್ತಿತ್ತು. ಅವಸರಕ್ಕೆ ಬಿದ್ದ ಎಡಗೈಯವನಲ್ಲದೆ ಬೇರೆ ಯಾರೂ ಹಾಗೆ ಸುತ್ತುವುದಿಲ್ಲ. ಹದಿಮೂರು ವರ್ಷದ ಹಿಂದೆ ಈ ಪೈಪು ಕೂರಿಸಿದ ಕತ್ತೆ ತಾನೇ ಎಂದು ವಾಷರಣ್ಣನಿಗೆ ಹೊಳೆಯಿತು. ಜಾಯಿಂಟಿನ ನೇರ ಕೆಳಗೆ ಒಂದು ಅಗಲವಾದ ಬೋಗುಣಿ. ಅದರ ಅಂಚಿಗೆ ನೀರಿನ ಬಿಳಿ ಕರೆ ಸುತ್ತು ಸುತ್ತಾಗಿ ಕಟ್ಟಿತ್ತು.

“ಅಜ್ಜಿ, ಎಷ್ಟು ದಿನದಿಂದ ಸೋರ್ತಿದೆ?”

“ನೀನು ಹಾಕಿದ ದಿನದಿಂದ.”

“ಯಾರಿಗೂ ಹೇಳ್ಲಿಲ್ವಾ?”

“ಹೇಳಿದ್ರೆ ಆ ಮೇಷ್ಟ್ರು ನಗಾಡ್ತಿದ್ರು, ನೀನು ಅವತ್ತೇ ಗಂಟುಮೂಟೆ ಕಟ್ತಿದ್ದೆ. ಎರಡು ವರ್ಷ ಹೆಚ್ಚಿಗೆ ಉಳಿಸ್ಕೊಂಡೆ ನಿನ್ನ. ಆಮೇಲೂ ದೀಕ್ಷಾಸ್ನಾನ ಇದ್ದಾಗೆಲ್ಲ ಬೋಗುಣಿ ಇಟ್ಟೆ, ತುಂಬಿದಾಗೆಲ್ಲ ಚೆಲ್ಲಿದೆ. ನಿನ್ನ ಕೆಲಸ, ನೀನೇ ಬಂದು ಸರಿ ಮಾಡ್ಲಿ ಅಂತ. ಈಗ ಸೊಂಟ ಬಗ್ಗಲ್ಲ, ಅದಕ್ಕೇ ಬಾಯಿಬಿಟ್ಟೆ. ಬೇರೆಯವನನ್ನ ಕರೀತೀವಿ ಅಂದ್ರು. ಇಲ್ಲ, ಹಾಕಿದವನೇ ಬರ್ಬೇಕು ಅಂದೆ.”

ಈ ಚರ್ಚಿನವರ ಮುಖಕ್ಕೆ ಎಸೆಯಲು ಹನ್ನೊಂದು ವರ್ಷದಿಂದ ಮಾತು ಮಸೆದಿಟ್ಟುಕೊಂಡಿದ್ದ. ಹಲಗೆಯಡಿ ಅಂಗಾತ ಬಿದ್ದುಕೊಂಡು ಒಂದೂ ನೆನಪಾಗಲಿಲ್ಲ. ಮುಖ ಒದ್ದೆಯಾಗಿತ್ತು. ತೊಟ್ಟಿಯಿಂದ ಹನಿ ಬಿತ್ತು ಎಂದು ಆಮೇಲೆ ಹೆಂಡತಿಗೆ ಹೇಳಿದ. ತೊಟ್ಟಿಯಲ್ಲಿ ಆಗ ನೀರೇ ಇರಲಿಲ್ಲ.

ಹಳೆಯ ನಾರು ಕೆರೆದು ತೆಗೆದು, ಹೊಸದನ್ನು ಸರಿಯಾದ ದಿಕ್ಕಿಗೆ ಸುತ್ತಿದ. ಅವಸರ ಮಾಡಲಿಲ್ಲ.

ಭಾನುವಾರ ಸಭೆ ತುಂಬಿತ್ತು. ವಾಷರಣ್ಣ ಬಂದ, ಯಾರ ಮುಖವನ್ನೂ ನೋಡದೆ ನೆಟ್ಟಗೆ ವೇದಿಕೆಯಡಿಗೆ ನುಗ್ಗಿದ. ಮೇಲೆ ಹಾಡು ಮುಗಿಯಿತು. ಮಗಳು ನೀರಿಗಿಳಿದ ಸದ್ದಾಯಿತು. ತೊಟ್ಟಿ ಗುಳುಗುಳು ಎಂದಿತು. ಅವನು ಜಾಯಿಂಟಿನ ಮೇಲೆ ಟಾರ್ಚು ಹಿಡಿದು ಉಸಿರು ಬಿಗಿಹಿಡಿದ.

“ಸೋರದ ಹಾಗೆ ನೋಡ್ಕೊಳ್ಳಪ್ಪಾ,” ಎಂದು ಗೊಣಗಿದ. “ನನ್ನ ಮೇಲಿನ ಸಿಟ್ಟನ್ನ ಅವಳ ಮೇಲೆ ತೀರಿಸ್ಬೇಡ.”

ಹೇಳಿದ ಮೇಲೆ, ಯಾರಿಗೆ ಹೇಳಿದೆ ಎಂದು ಅರಿವಾಯಿತು. ನಾಲಿಗೆ ಕಚ್ಚಿಕೊಂಡ. ಇಷ್ಟು ವರ್ಷದ ಮೇಲೆ ಮಾತು ಬಿಟ್ಟವರ ಮನೆಗೆ ಹೋಗಿ ಮೊದಲ ಮಾತಿಗೇ ಸಹಾಯ ಕೇಳಿದಂತಾಯಿತಲ್ಲ! ಆದರೆ ಬಾಯಿ ಒಮ್ಮೆ ತೆರೆದಿತ್ತು.

“ಬಂದಿದ್ದೀನಿ. ತಪ್ಪಾಯ್ತು. ಆ ಮೇಷ್ಟ್ರದ್ದೂ ತಪ್ಪಿದೆ, ಅದು ಬೇರೆ ಮಾತು.”

ಜಾಯಿಂಟು ಒಣಗಿಯೇ ಇತ್ತು. ಮೇಲೆ ಪಾಸ್ಟರು ಮಗಳಿಗೆ ಪ್ರಶ್ನೆ ಕೇಳುತ್ತಿದ್ದರು, ನಂಬುತ್ತೀಯಾ ಎಂದು. ವಾಷರಣ್ಣ ತೆವಳಿಕೊಂಡು ಹೊರಬಂದ. ತಲೆಯ ತುಂಬ ಜೇಡರ ಬಲೆ. ಬೋಗುಣಿಯನ್ನು ಅಜ್ಜಿಯ ಕೈಗಿತ್ತು, ಎಲ್ಲರ ಕಣ್ಣೆದುರಿಗೇ ಮುಂದಿನ ಬೆಂಚಿಗೆ ನಡೆದ. ಸೊಂಟದುದ್ದ ನೀರಿನಲ್ಲಿ ನಿಂತಿದ್ದ ಮಗಳು ಅವನನ್ನು ಕಂಡಳು, ನಂಬುತ್ತೇನೆ ಎಂದಳು.

ಮೇಷ್ಟರು ಅವನ ಕಡೆ ಬಾಗಿದರು. “ಏನಪ್ಪಾ, ಸೋರ್ತಾ?”

“ಇಲ್ಲ ಮೇಷ್ಟ್ರೇ. ಸ್ವಲ್ಪ ಜರುಗಿ.”