ಎಲ್ಲ ಬಾಗಿಲಿಗೂ ಬೇವು

ಘೋಡಗೇರಿಯ ಸತ್ತೆವ್ವ ಕಂಡವರ ಹೊಲದಲ್ಲಿ ಕಸ ತೆಗೆದು ಇಬ್ಬರು ಮಕ್ಕಳನ್ನು ಸಾಕುತ್ತಿದ್ದ ವಿಧವೆ. ಪುಟ್ಟ ಮಗಳು ಮರೆವ್ವ, ಇನ್ನೂ ಎದೆಹಾಲು ಬಿಡದ ಮಗ ಉದ್ದಪ್ಪ. ಸತ್ತೆವ್ವನ ಹೆಸರನ್ನು ಯಾವ ಸಭೆಯಲ್ಲೂ ಯಾರೂ ಹೇಳಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಐವತ್ತರ ದಶಕದ ಪಂಚಾಯಿತಿ ಚುನಾವಣೆ. ದೊಡ್ಡ ಹೊಲದ ಗುರುಲಿಂಗಪ್ಪನಿಗೆ ಅಧ್ಯಕ್ಷನಾಗುವ ಹಂಬಲ, ಹೇಳಿಕೊಳ್ಳಲು ಮಾಡಿದ ಕೆಲಸವೇನೂ ಇಲ್ಲ. ಅಷ್ಟರಲ್ಲಿ ಸಿಡುಬು ಬಾರದಂತೆ ಸೂಜಿ ಹಾಕುವ ಸರ್ಕಾರಿ ನೌಕರ ಹುಕ್ಕೇರಿಯಿಂದ ಬರುವ ಸುದ್ದಿ ಬಂತು. ಗುರುಲಿಂಗಪ್ಪನಿಗೆ ಅಷ್ಟೇ ಸಾಕಾಯಿತು.

"ಕರುವಿನ ಕೀವು ತಂದು ನಿಮ್ಮ ಮಕ್ಕಳ ಮೈಯಾಗ ಹಾಕ್ತಾರ. ದೇವಿ ಸುಮ್ಮನ ಬಿಡ್ತಾಳೇನು? ನನ್ನ ಆರಿಸಿ ತರ್ರಿ, ಆ ಸೂಜಿಯವನ್ನ ಊರಾಗ ಕಾಲಿಡಾಕ ಬಿಡೂದಿಲ್ಲ!"

ಉಪಾಯವನ್ನೂ ಅವನೇ ಹೇಳಿಕೊಟ್ಟ. ಸಿಡುಬು, ಅಂದರೆ ದೇವಿ, ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು, ಹೊರಗಿನವರು ಒಳಗೆ ಕಾಲಿಡದಿರುವುದು ಇಲ್ಲಿಯ ಪದ್ಧತಿ. "ಎಲ್ಲಾರೂ ಕಟ್ಟ್ರಿ. ಅಂವ ಯಾವ ಮನಿ ಹೊಗತಾನ ನೋಡೂಣು."

"ದೇವಿ ಬರದ ಮನಿಗೆ ಬೇವು ಕಟ್ಟೂದು ಸುಳ್ಳಲ್ಲೇನ್ರಿ, ಯಜಮಾನ್ರ?" ಎಂದಳು ಸತ್ತೆವ್ವ.

"ಬಾಯಿ ಭಾಳಾತು ನಿಂದು. ನಾಳಿಂದ ಯಾರ ಹೊಲಕ್ಕ ಹೋಗ್ತಿ, ನಾನೂ ನೋಡ್ತೇನಿ."

ಕಟ್ಟಿದಳು. ಊರೆಲ್ಲ ಕಟ್ಟಿತು. ನೌಕರನಿಗೆ ಸುಳ್ಳು ಗೊತ್ತಾಗದೆ ಇರಲಿಲ್ಲ. ಆದರೆ ಚಾವಡಿಯ ಮೇಲೆ ಬಡಿಗೆ ಹಿಡಿದು ಕೂತ ಗುರುಲಿಂಗಪ್ಪನ ಕಡೆಯವರನ್ನು ಕಂಡು ಸೈಕಲ್ ತಿರುಗಿಸಿದ. ಮಂದಿ ಸಿಳ್ಳೆ ಹೊಡೆದರು. ಗುರುಲಿಂಗಪ್ಪ ಗೆದ್ದ. ನೌಕರ ಮತ್ತೆ ಬಂದಾನೆಂದು ಬೇವನ್ನು ಯಾರೂ ಬಿಚ್ಚಲಿಲ್ಲ.

ಬೇಸಿಗೆಯಲ್ಲಿ ಖರೆ ಸಿಡುಬು ಬಂತು, ಮೊದಲು ಸತ್ತೆವ್ವನ ಬಾಜೂ ಮನೆಯ ರಾಯವ್ವನ ಮಗನಿಗೆ. ರಾಯವ್ವ ಹೊಸ ಬೇವು ಕಟ್ಟಿದಳು. ಎಲ್ಲ ಬಾಗಿಲಿಗೂ ಬೇವು ಇರುವಾಗ ಅದನ್ನು ಯಾರು ಗಮನಿಸಬೇಕು? ಅವಳು ನೀರಿಗೆ ಹೋದಾಗ ಮರೆವ್ವ ಎಂದಿನಂತೆ ಮಜ್ಜಿಗೆಗೆಂದು ಒಳಗೆ ಹೋದಳು. ಮಲಗಿದ್ದ ಹುಡುಗನ ಪಕ್ಕ ಕೂತು ಆಡಿದಳು. ಮುಂದೆ ಅವಳ ಮೈತುಂಬ ಗುಳ್ಳೆ ಎದ್ದವು. ಸತ್ತಳು.

"ಯಕ್ಕಾ, ನಾ ಬೇವು ಕಟ್ಟಿದ್ನಲ್ಲಾ..." ಎಂದು ರಾಯವ್ವ ಎದೆ ಬಡಿದುಕೊಂಡಳು.

"ಕಟ್ಟಿದ್ದಿ. ನಾನೂ ಕಟ್ಟಿದ್ದೆ," ಎಂದಳು ಸತ್ತೆವ್ವ.

ಅಧ್ಯಕ್ಷ ಮಾತಾಡಿಸಲು ಬಂದ. "ದೇವಿ ಕರಕೊಂಡ್ಲು. ನಮ್ಮ ಕೈಯಾಗ ಏನೈತಿ?"

"ದೇವಿ ಮ್ಯಾಲ ಹಾಕಬ್ಯಾಡ್ರಿ. ದೇವಿ ಇಲೆಕ್ಷನ್ನಿಗೆ ನಿಂತಿದ್ದಿಲ್ಲ."

ಉದ್ದಪ್ಪನನ್ನು ಬಗಲಿಗೆ ಹಾಕಿಕೊಂಡು ಹುಕ್ಕೇರಿಗೆ ನಡೆದಳು. ಅವನಿಗೆ ಸೂಜಿ ಹಾಕಿಸಿಕೊಂಡು ಚಾವಡಿಯ ಮುಂದಿನಿಂದಲೇ ವಾಪಸು ಬಂದಳು. ಮರುದಿನದಿಂದ ಅವಳನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಮಗನನ್ನು ಎತ್ತಿಕೊಂಡು ಮೂಡಲಗಿ ಕಡೆ ದುಡಿಯಲು ಹೋದಳು. ಉದ್ದಪ್ಪ ಬದುಕಿದ.

ಗುರುಲಿಂಗಪ್ಪ ಮುಂದಿನ ಸಲವೂ ಆರಿಸಿ ಬಂದ. ಆ ಬೇಸಿಗೆಯಲ್ಲಿ ಸಿಡುಬಿಗೆ ಸತ್ತ ಮಕ್ಕಳ ಲೆಕ್ಕ ಅವನನ್ನು ಯಾರೂ ಕೇಳಲಿಲ್ಲ. ಕೇಳುವವಳಿಗೆ ಆ ಊರಿನಲ್ಲಿ ಓಟು ಉಳಿದಿರಲಿಲ್ಲ.