ಅಕ್ಕೋರು ತೆರೆದುಕೊಟ್ಟ ಡಿಸ್ಕು

ಕೀಬೋರ್ಡಿಗೆ ಕೈ ಹಚ್ಚುವ ಮೊದಲು ಅಕ್ಕೋರು ಎರಡೂ ಕೈಯ ಹಸಿರು ಬಳೆಗಳನ್ನು ಮೊಣಕೈ ಕಡೆಗೆ ಸರಿಸಿ ಬಿಗಿ ಮಾಡಿಕೊಳ್ಳುತ್ತಿದ್ದರು, ರೊಟ್ಟಿ ಬಡಿಯಲು ಕೂತವರ ಹಾಗೆ. ಕರಜಗಿಯ ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಅವರು ಅಲ್ಲಿನ ಹಳೆಯ ಯಂತ್ರಗಳಿಗೆಲ್ಲ ತಾವೇ ವಿಂಡೋಸ್ ಬದಲು ಲಿನಕ್ಸ್ ಹಾಕಿದ್ದರು. ಯಾವುದಾದರೂ ಕೆಟ್ಟು ನಿಂತರೆ ನಾವು ಅದಕ್ಕೆ ಬೈಯುವುದನ್ನು ಸಹಿಸುತ್ತಿರಲಿಲ್ಲ. "ಏನ್ ಆಗೇತಿ ಅಂತ ಅದ ಹೇಳತೈತಿ. ನಾವು ಕೇಳಂಗಿಲ್ಲ, ಅಷ್ಟ," ಎನ್ನುತ್ತಿದ್ದರು.

ಶಾಲೆ ಬಿಟ್ಟು ಬಹಳ ವರ್ಷಗಳ ಮೇಲೆ ನಾನು ಮತ್ತೆ ಅವರ ಬಾಗಿಲಿಗೆ ಹೋದೆ. ತಂಗಿಯ ಮದುವೆ ಹತ್ತಿರ ಬಂದಿತ್ತು. ತೀರಿಹೋದ ನಮ್ಮ ಅವ್ವ ಹಾಡಿದ್ದ ಸೋಬಾನೆ ಪದಗಳು ಒಂದು ಹಾರ್ಡ್ ಡಿಸ್ಕಿನಲ್ಲಿದ್ದವು. ಅರಿಷಿಣದ ದಿನ ಅವನ್ನು ಹಚ್ಚಬೇಕೆಂಬುದು ತಂಗಿಯ ಆಸೆ. ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಡಿಸ್ಕು ತೆರೆಯಲೇ ಇಲ್ಲ. ಜತ್ತ ಪೇಟೆಯ ಕಂಪ್ಯೂಟರ್ ಅಂಗಡಿಯೊಂದರಲ್ಲಿ ತೋರಿಸಿದರೆ ಫಾರ್ಮ್ಯಾಟ್ ಮಾಡಬೇಕು ಎಂದರು. ಅಂದರೆ ಇದ್ದದ್ದನ್ನೆಲ್ಲ ಅಳಿಸಿಬಿಡಬೇಕು.

"ಹಂಗ ಮಾಡಬ್ಯಾಡ, ತಮ್ಮಾ. ಕುಂದರು," ಎಂದರು ಅಕ್ಕೋರು. ಅವರು ಒಂದು ಕಮಾಂಡ್ ಕೊಟ್ಟಾಗ ಲ್ಯಾಪ್‌ಟಾಪಿಗೆ ಜೋಡಿಸಿದ ಡಿಸ್ಕುಗಳ ಸಾಲಿನಲ್ಲಿ ನಮ್ಮದೂ ಕಾಣಿಸಿತು. "ನೋಡು, ಜೀವ ಐತಿ." ಆದರೆ ಮೌಂಟ್ ಮಾಡಲು, ಅಂದರೆ ಒಳಗಿದ್ದದ್ದು ಕಾಣುವಂತೆ ತೆರೆಯಲು, ಹೋದರೆ ಎರರ್ ಬಂತು. ನಾನು ಗಾಬರಿಯಿಂದ ಅದನ್ನು ಮುಚ್ಚಲು ಹೋದೆ. ಅವರು ನನ್ನ ಕೈ ಹಿಡಿದರು.

"ಓದು."

ಓದಿದೆ. ಕಡೆಯ ಸಲ ವಿಂಡೋಸ್ ಯಂತ್ರದಿಂದ ಡಿಸ್ಕನ್ನು ಸರಿಯಾಗಿ ಬಿಡಿಸಿರಲಿಲ್ಲ. ಅದಕ್ಕೇ ಲಿನಕ್ಸ್ ಅದರಲ್ಲಿ ಬರೆಯಲು ಒಪ್ಪುತ್ತಿರಲಿಲ್ಲ. "ನಮಗ ಬರಿಯೂದು ಎಲ್ಲಿ ಬೇಕಾಗೇತಿ? ಬರೇ ಓದಾಕ ಕೇಳೂಣು," ಎಂದು ಅಕ್ಕೋರು ಓದಲಿಕ್ಕೆ ಮಾತ್ರ ಸಾಕೆಂದು ಹೇಳುವ ಕಮಾಂಡ್ ಕೊಟ್ಟು ಮತ್ತೆ ಮೌಂಟ್ ಮಾಡಿದರು. ಫೋಲ್ಡರ್ ತೆರೆಯಿತು. ಅವ್ವನ ಹೆಸರಿನ ಫೈಲು ಕಂಡದ್ದೇ ತಡ, ನಾನು ಹಾಡು ಹಚ್ಚಲು ಹೋದೆ. ಅಕ್ಕೋರು ಅದಕ್ಕೂ ಬಿಡಲಿಲ್ಲ. "ಮೊದಲ ಕಾಪಿ ತಗಿ. ಆಮ್ಯಾಲ ಅಳುವಂತಿ."

ಅರಿಷಿಣದ ದಿನ ಅವ್ವನ ದನಿ ಬಂದಾಗ ಅಂಗಳದ ಹೆಂಗಸರೆಲ್ಲ ಕೈಯ ಕೆಲಸ ಬಿಟ್ಟು ಹತ್ತಿರ ಬಂದರು. ಆಮೇಲೆ ಯಾರೋ ಸೊಲ್ಲು ಎತ್ತಿಕೊಂಡರು, ಎಲ್ಲರೂ ಕೂಡಿದರು. ಮದುವೆಗೆಂದು ಬಂದಿದ್ದ ಅಕ್ಕೋರೂ ಹಾಡಿದರು. ರಾಗ ಅವರಿಗೆ ಒಲಿದಿರಲಿಲ್ಲ, ದನಿ ಮಾತ್ರ ದೊಡ್ಡದು. ತಂಗಿ ಅಳುತ್ತಲೇ ನಗುತ್ತಿದ್ದಳು. ಅದನ್ನೆಲ್ಲ ಮೊಬೈಲಿನಲ್ಲಿ ವಿಡಿಯೊ ತೆಗೆದಿಟ್ಟೆ.

ಹೋದ ವರ್ಷ ಅಕ್ಕೋರು ತೀರಿಕೊಂಡರು. ಮನೆಯವರನ್ನು ಮಾತಾಡಿಸಲು ಹೋದಾಗ ಅವರ ಮಗಳು, "ಫೋಟೋ ಭಾಳ ಅದಾವ್ರಿ. ಆದ್ರ ಅವ್ವನ ದನಿ ಎಲ್ಲೂ ಇಲ್ಲ," ಎಂದಳು. ನಾನು ಆ ವಿಡಿಯೊ ಹಚ್ಚಿದೆ. ಅಷ್ಟು ಹೆಂಗಸರ ನಡುವೆಯೂ ಅವಳಿಗೆ ತಕ್ಷಣ ಗುರುತು ಸಿಕ್ಕಿತು.

"ನಮ್ಮವ್ವ! ತಪ್ಪ ಹಾಡಾಕತ್ತಾಳ," ಎಂದು ನಕ್ಕವಳು, ಮೊಬೈಲನ್ನು ಕಿವಿಗೆ ಒತ್ತಿಕೊಂಡಳು.