ಶರಣಬಸಮ್ಮ ಸೊಸೆಗೆ ಕೊಟ್ಟ ಬಿಡುವು

ಹಾಲಿಗೆ ನೀರು ಬೆರೆಸುವವರನ್ನು ಹೈದರಾಬಾದಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಇವತ್ತು ಹಾಲಿಲ್ಲ, ಹೋಗಿ ಎಂದು ಗಿರಾಕಿಯ ಮುಖಕ್ಕೇ ಹೇಳುವವಳನ್ನು ನೋಡಿದ್ದು ಉಪ್ಪಲ್‌ನ ಶರಣಬಸಮ್ಮನೊಬ್ಬಳನ್ನೇ.

ಅವಳು ಕಲಬುರ್ಗಿ ಕಡೆಯವಳು. ಮನೆಯಲ್ಲಿ ಐದು ಎಮ್ಮೆ, ಗಂಡ ಶಿವಶರಣಪ್ಪ, ಮಗ ಚೇತನಕುಮಾರ, ಸೊಸೆ ಅನುರಾಧಾ. ಮಗ ಕಾಲ್ ಸೆಂಟರಿನ ಹುಡುಗರನ್ನು ಕರೆದೊಯ್ಯುವ ಸುಮೋ ಓಡಿಸುತ್ತಿದ್ದ. ನನ್ನ ಯಜಮಾನರು ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿದ್ದರು, ನಮ್ಮ ಮನೆ ಅವಳ ಹಿಂದಿನ ಬೀದಿ. ಹೊರಗೆ ಕಾಲಿಟ್ಟರೆ ತೆಲುಗು, ಇಲ್ಲವೇ ಹಿಂದಿ. ಕನ್ನಡ ಮಾತಾಡುವ ಆಸೆಗೆ ನಾನೇ ಪಾತ್ರೆ ಹಿಡಿದು ದಿನಾ ಹಾಲಿಗೆ ಹೋಗುತ್ತಿದ್ದೆ.

ಕಂಪ್ಯೂಟರ್ ಕಂಪನಿಗಳು ಬಂದು ಸುತ್ತ ಅಪಾರ್ಟ್‌ಮೆಂಟುಗಳು ಏಳುತ್ತಿದ್ದ ಕಾಲ ಅದು. ಹಾಲು ಎಷ್ಟಿದ್ದರೂ ಸಾಲದು. ಈ ಪುಣ್ಯಾತ್ಗಿತ್ತಿಯೋ, ಎಮ್ಮೆ ಈಯಲು ಇನ್ನೂ ಎರಡು ತಿಂಗಳಿದೆ ಎನ್ನುವಾಗಲೇ ಕರೆಯುವುದನ್ನು ನಿಲ್ಲಿಸಿಬಿಡುತ್ತಿದ್ದಳು. ಈದ ಮೇಲೂ ಮೂರು ತಿಂಗಳು ಕೋಣದ ಹತ್ತಿರ ಬಿಡುತ್ತಿರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ ನನಗೇ ಪಾಠ ಹೇಳಿದಳು.

"ಹೊಟ್ಟ್ಯಾಗಿನ ಕರಕ್ಕಿಂತ ಮೊಲಿ ಕುಡಿಯೋ ಕರಾ ತಾಯಿನ್ನ ಹೆಚ್ಚು ಹಿಂಡತೈತ್ರಿ ವನಜಕ್ಕಾ. ಎರಡೂ ಒಮ್ಮೆಲೆ ಹೊರಿಸಿದ್ರ ಮೈಯಾಗ ಏನು ಉಳೀತೈತಿ?"

ಶಿವಶರಣಪ್ಪನಿಗೂ ಇದು ದೊಡ್ಡ ಹೆಮ್ಮೆ. ನಮ್ಮ ಎಮ್ಮೆಗಳಿಗೆ ಬಿಡುವು ಕೊಡುತ್ತೇವೆ, ಅದಕ್ಕೇ ಹಾಲು ಇಷ್ಟು ಗಟ್ಟಿ ಎಂದು ಮೀಸೆ ತಿರುವುತ್ತಿದ್ದ.

ಆ ವರ್ಷ ಅನುರಾಧಾ ಹೆಣ್ಣುಮಗು ಹೆತ್ತಳು. ಮಗುವಿಗೆ ಆರು ತಿಂಗಳು ತುಂಬುವ ಮೊದಲೇ ಮೀಸೆಯ ಮಾವ ಗಂಡು ಮೊಮ್ಮಗ ಯಾವಾಗ ಎಂದು ಶುರು ಮಾಡಿದ. ಅವಳೋ ಗೋಡೆ ಹಿಡಿದು ಏಳುತ್ತಿದ್ದಳು. ತಲೆ ಬಾಚಿದರೆ ಹಿಡಿ ಹಿಡಿ ಕೂದಲು.

ಒಂದು ಬೆಳಿಗ್ಗೆ ಶರಣಬಸಮ್ಮ ಅಬಿಡ್ಸ್‌ಗೆ ಸೀರೆ ತರಲು ಹೋಗುತ್ತೇವೆ ಎಂದು ಗಂಡನಿಗೆ ಹೇಳಿ, ಸೊಸೆಯನ್ನೂ ನನ್ನನ್ನೂ ಆಟೋ ಹತ್ತಿಸಿದಳು. ಆಟೋ ನಿಂತದ್ದು ಸರಕಾರಿ ಆಸ್ಪತ್ರೆಯ ಮುಂದೆ. ನಿನಗೆ ಬೇಕೋ ಬೇಡವೋ ಎಂದು ದಾರಿಯಲ್ಲಿ ಎರಡು ಸಲ ಸೊಸೆಯನ್ನು ಕೇಳಿದ್ದಳು. ಬೇಕು ಎಂದು ಅನುರಾಧಾ ಎರಡು ಸಲವೂ ಹೇಳಿದಳು. ಬಸಿರು ನಿಲ್ಲದಂತೆ ಅವಳ ಗರ್ಭಕೋಶದೊಳಗೆ ವಂಕಿ ಹಾಕಿಸಿ ಮಧ್ಯಾಹ್ನದೊಳಗೆ ಮನೆ ಸೇರಿದೆವು. ಮಗನಿಗೆ ಅಂದೇ ತಿಳಿಸಿದಳು. ಅಪ್ಪನಿಗೆ ಮಾತ್ರ ಹೇಳಬೇಡ ಅಂದನಂತೆ, ಪುಕ್ಕಲ.

ಒಂದೂವರೆ ವರ್ಷ ಕಳೆಯಿತು. ಸೊಸೆಯ ಕೆನ್ನೆ ತುಂಬಿತು, ಮಗು ಅಂಗಳದ ತುಂಬ ಓಡಾಡಿತು. ಶಿವಶರಣಪ್ಪ ಮಾತ್ರ ಎಮ್ಮೆ ಲೆಕ್ಕದಲ್ಲೇ ಯೋಚಿಸಿದ. ಸೊಸೆ ಗೊಡ್ಡು ಬಿದ್ದಳು ಎಂದು ತೀರ್ಮಾನಿಸಿ, ಮಗನಿಗೆ ಇನ್ನೊಂದು ಮದುವೆ ಮಾಡುವ ಮಾತಾಡಲು ಬಳಗದ ಇಬ್ಬರು ಹಿರಿಯರನ್ನು ಕರೆಸಿದ. ಆ ಭಾನುವಾರ ನಾನೂ ಅಲ್ಲಿದ್ದೆ. ಹಿರಿಯರು ಚಹಾ ಕುಡಿಯುತ್ತ ಬೀದರದ ಒಂದು ಹೆಣ್ಣಿನ ಹೆಸರನ್ನೂ ಎತ್ತಿದರು. ಚೇತನಕುಮಾರ ತಲೆ ತಗ್ಗಿಸಿ ಕೂತಿದ್ದ. ಬಾಯಿ ಬಿಡೋ ಎಂದು ಕೂಗಬೇಕೆನಿಸಿತು. ಅಡುಗೆಮನೆಯ ಬಾಗಿಲಲ್ಲಿ ಅನುರಾಧಾ ಮಗುವನ್ನು ಅವುಚಿಕೊಂಡು ನಿಂತಿದ್ದಳು.

ಶರಣಬಸಮ್ಮ ಕೊಟ್ಟಿಗೆಯಿಂದ ಸಗಣಿ ಕೈಯಲ್ಲೇ ಬಂದು ಎಲ್ಲರ ನಡುವೆ ನಿಂತಳು.

"ಅಕಿ ಗೊಡ್ಡಲ್ಲ. ನಾನೇ ಕರಕೊಂಡು ಹೋಗಿ ವಂಕಿ ಹಾಕಿಸೀನಿ. ಎಮ್ಮಿಗೆ ಬಿಡುವು ಕೊಡ್ತೀವಂತ ಊರ ತುಂಬ ಹೇಳ್ಕೊಂಡು ತಿರುಗ್ತೀರಿ, ಸೊಸಿಗೆ ಕೊಟ್ರ ನಿಮ್ಮ ಮಾನ ಹೋಗತೈತೇನು? ಇನ್ನೊಂದು ಹೆಣ್ಣು ಈ ಹೊಸ್ತಿಲಾ ದಾಟಿದ್ರ, ನಾನು, ಸೊಸಿ, ಎಮ್ಮಿ ಎಲ್ಲಾ ಹೊರಗ ನಡೀತೀವಿ."

ಎಮ್ಮೆಗಳೂ ಹೋಗುತ್ತವೆ ಎಂದ ಮೇಲೆ ಇನ್ನೇನು ಮಾತು? ಹಿರಿಯರು ಮೆತ್ತಗೆ ಎದ್ದರು. ಶಿವಶರಣಪ್ಪನ ಮುಖ ಕೆಂಪಾಗಿ, ಆಮೇಲೆ ಇಳಿಯಿತು. ಕೊನೆಗೆ, ಅದನ್ನು ತೆಗೆಸುವುದು ಯಾವಾಗ ಎಂದು ಹೆಂಡತಿಯನ್ನು ಕೇಳಿದ. ಆ ಮನೆಯಲ್ಲಿ ಮಾವ ಸೊಸೆಯೊಡನೆ ನೇರ ಮಾತಾಡುವ ರೂಢಿಯೇ ಇರಲಿಲ್ಲ.

"ನನ್ನ ಕೇಳಬ್ಯಾಡ್ರಿ," ಎಂದಳು ಶರಣಬಸಮ್ಮ. "ಮೈ ಅಕಿಂದು. ಅಕಿನ್ನ ಕೇಳ್ರಿ."

ಅವನು ಅಡುಗೆಮನೆಯತ್ತ ತಿರುಗಿ, ಯಾವಾಗ ಅಂತೀಯವ್ವಾ ಎಂದ.

"ನಾ ಹೇಳೂತನಕ ಬ್ಯಾಡ್ರಿ ಮಾವಾರ," ಎಂದಳು ಅನುರಾಧಾ.

ಅವನು ಆಯಿತೆಂದು ತಲೆಯಾಡಿಸಿದ. ನನಗೆ ಕುಣಿಯುವಷ್ಟು ಸಂತೋಷ. ಶರಣಬಸಮ್ಮನ ಹಿಂದೆಯೇ ಕೊಟ್ಟಿಗೆಗೆ ಹೋಗಿ ನೋಡಿದರೆ, ಈ ಗಟ್ಟಿಗಿತ್ತಿ ಎಮ್ಮೆಯ ಬೆನ್ನಿಗೆ ಆತು ನಿಂತು ಅಳುತ್ತಿದ್ದಳು. ಗೆದ್ದಿರಲ್ಲ, ಅಳುವುದೇಕೆ ಎಂದೆ.

"ಏಳು ಹಡದೀನ್ರಿ ವನಜಕ್ಕಾ, ಉಳದಾಂವ ಇವನೊಬ್ಬ," ಎಂದಳು. "ಒಂದು ಸಲನಾದ್ರೂ ಈ ಮನಶ್ಯಾ ನನಗ ಹಿಂಗ ಕೇಳಿದ್ದಿಲ್ಲ."